ಅತ್ತೆ ಹಂಚಿದ ಬೆಕ್ಕಿನ ಪುದಿನ

ನನ್ನ ಅತ್ತೆಯ ಕೈಯಿಂದ ಯಾರಿಗೂ ಒಂದು ಗಿಡದ ಗೆಲ್ಲು, ನೆಡಲು ಒಂದು ರೆಂಬೆ, ಸಿಕ್ಕಿದ್ದಿಲ್ಲ. ಮೂಡುಬಿದಿರೆಯ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಬ್ಬಕ್ಕೆ ಪಾಯಸ ಮಾಡಿದರೆ ನೆರೆಮನೆಗಳಿಗೆಲ್ಲ ಪಾತ್ರೆ ತುಂಬ ಕಳಿಸುತ್ತಿದ್ದರು, ಯಾರ ಮನೆಯಲ್ಲಿ ಬಾಣಂತಿ ಇದ್ದರೂ ತಾವೇ ಕಷಾಯ ಕುದಿಸಿ ಒಯ್ಯುತ್ತಿದ್ದರು. ಗಿಡದ ವಿಷಯ ಬಂದರೆ ಮಾತ್ರ ಅವರು ಬೇರೆಯೇ ಹೆಂಗಸು. ಅಂಗಳದ ಸುತ್ತ ದಾಸವಾಳ, ಗೋರಂಟೆ, ಸೇವಂತಿಗೆ, ನಂದಬಟ್ಟಲು. ಯಾರಾದರೂ ಒಂದು ಗೆಲ್ಲು ಕೇಳಿದರೆ ಮಳೆಗಾಲದಲ್ಲಿ "ಈಗ ನೆಟ್ರೆ ಕೊಳೀತದೆ" ಎನ್ನುತ್ತಿದ್ದರು, ಬೇಸಿಗೆಯಲ್ಲಿ "ಈಗ ನೆಟ್ರೆ ಒಣಗ್ತದೆ" ಎನ್ನುತ್ತಿದ್ದರು. ಮಳೆಯೂ ಬಿಸಿಲೂ ಹದವಾಗಿರುವ ದಿನಗಳಲ್ಲಿ ಕೇಳಿದವರಿಗೆ "ಗಿಡಕ್ಕೆ ದೃಷ್ಟಿಯಾಗಿದೆ, ಸ್ವಲ್ಪ ಚೇತರಿಸಲಿ" ಎಂಬ ಉತ್ತರ ಸಿಗುತ್ತಿತ್ತು.

ನಾನು ಬೆಳ್ತಂಗಡಿ ಕಡೆಯ ಹುಡುಗಿ. ಐವತ್ತರ ದಶಕದ ಕೊನೆಯ ಹೊತ್ತಿಗೆ ಮದುವೆಯಾಗಿ ಈ ಮನೆಗೆ ಬಂದೆ. ಮಾವ ಮೊದಲೇ ತೀರಿಕೊಂಡಿದ್ದರು. ಅತ್ತೆ, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಗಂಡ, ನಾನು, ಇಷ್ಟೇ ಜನ. ಬಂದ ವಾರದೊಳಗೇ ಪಾಗಾರದ ಗೋಡೆಯ ಆಚೆಯ ಬ್ಯಾರಿ ಮುಸ್ಲಿಮರ ಮನೆಯಾಕೆ ನನಗೆ ಈ ಮನೆಯ ದೊಡ್ಡ ಜಗಳದ ಕಥೆ ಹೇಳಿ ಮುಗಿಸಿದ್ದರು. ಬಂಟ್ವಾಳದಲ್ಲಿ ಅತ್ತೆಯ ನಾದಿನಿ, ಅಂದರೆ ಮಾವನ ತಂಗಿ ಇದ್ದರು. ಅವರು ಒಮ್ಮೆ ತವರಿಗೆ ಬಂದವರು ಹೊರಡುವ ಮೊದಲು ಹಳದಿ ದಾಸವಾಳದ ಒಂದು ಗೆಲ್ಲು ಮುರಿದು ಸೀರೆಯ ಗಂಟಿನಲ್ಲಿ ಅಡಗಿಸಿದ್ದರಂತೆ. ಮುರಿದ ಹಸಿ ಗಾಯ ಅತ್ತೆಯ ಕಣ್ಣಿಗೆ ಬಿತ್ತು. ಜಗಲಿಯಲ್ಲಿ ನಾಲ್ಕು ಜನರ ಎದುರು ಕೇಳಿಬಿಟ್ಟರು. "ನನ್ನ ಅಣ್ಣ ನೆಟ್ಟ ಗಿಡ, ನಾನು ಯಾರನ್ನು ಕೇಳಬೇಕು?" ಎಂದು ಅವರು ಗೆಲ್ಲನ್ನು ಮೆಟ್ಟಿಲ ಮೇಲೆ ಎಸೆದು ಊಟವನ್ನೂ ಮಾಡದೆ ಹೊರಟುಹೋದರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಒಬ್ಬರು ಚಪ್ಪರದ ಮೂಡು ಬದಿಗೆ, ಇನ್ನೊಬ್ಬರು ಪಡು ಬದಿಗೆ ಮುಖ ಮಾಡಿ ಕೂರುತ್ತಿದ್ದರು.

ಅತ್ತೆಯ ತಮ್ಮ ಘಟ್ಟದ ಮೇಲೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಒಂದು ದೀಪಾವಳಿಗೆ ಅವರು ಚಾರ್ಮಾಡಿ ಇಳಿದು, ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಮಡಿಲಲ್ಲಿ ಒಂದು ಬಿಸ್ಕೀಟಿನ ಡಬ್ಬ ಇಟ್ಟುಕೊಂಡು ಬಂದರು. ಡಬ್ಬದೊಳಗೆ ಮಣ್ಣು, ಮಣ್ಣಿನಲ್ಲಿ ಗೇಣುದ್ದದ ಒಂದು ಗಿಡ. ಬೂದಿ ಬಳಿದ ಹಾಗಿದ್ದ ಸುಕ್ಕು ಸುಕ್ಕು ಎಲೆಗಳು, ಮುಟ್ಟಿದರೆ ನಯವಾದ ರೋಮ.

"ಅಕ್ಕಾ, ಇದು ಒಂದು ನಮೂನೆಯ ಪುದಿನ" ಎಂದರು. "ತೋಟದ ದೊರೆಸಾನಿ ಅವರ ಊರಿಗೆ ಹೋಗುವಾಗ ಗಿಡಗಳನ್ನೆಲ್ಲ ಹಂಚಿದ್ರು. ನಮ್ಮ ಕಡೆ ಇದು ಎಲ್ಲಿಯೂ ಇಲ್ಲ."

"ಚಟ್ನಿಗೆ ಆಗ್ತದಾ?"

"ಚಟ್ನಿಗಲ್ಲ, ಹೂವಿಗೆ. ನೀಲಿ ಹೂ ಬಿಡ್ತದೆ. ಹೂ ಬಾಡಿದ ಕೂಡಲೇ ಗಿಡವನ್ನು ಅರ್ಧಕ್ಕಿಂತ ಕೆಳಗೆ ಕತ್ತರಿಸಿಬಿಡಬೇಕು, ಆಗ ಮತ್ತೆ ಚಿಗುರಿ ಮತ್ತೆ ಹೂ. ಬೆಕ್ಕಿನ ವಿಷಯ ಕೂಡ ದೊರೆಸಾನಿ ಏನೋ ಹೇಳಿದ್ರು. ಅವರ ಇಂಗ್ಲಿಷು ನನಗೆ ಪೂರ್ತಿ ಹಿಡಿಯಲಿಲ್ಲ. ಬೆಕ್ಕಿಗೆ ಇದು ಆಗುವುದಿಲ್ಲ ಅಂತ ಇರಬೇಕು."

"ಒಳ್ಳೆಯದೇ ಆಯ್ತು" ಎಂದರು ಅತ್ತೆ.

ಬಾವಿಯ ಹತ್ತಿರ, ಮಧ್ಯಾಹ್ನದ ಮೇಲೆ ನೆರಳು ಬೀಳುವ ಜಾಗದಲ್ಲಿ ಹೊಯಿಗೆ, ಅಂದರೆ ಮರಳು, ಮತ್ತು ಸುಡುಮಣ್ಣು ಬೆರೆಸಿ ಗಿಡ ನೆಟ್ಟೆವು. ಚಳಿಯ ದಿನಗಳಲ್ಲಿ ಅದು ಚೆನ್ನಾಗಿ ಹಬ್ಬಿತು. ದಂಟು ದುಂಡಗಲ್ಲ, ಚೌಕ. ಸಂಕ್ರಾಂತಿ ಕಳೆದ ಮೇಲೆ ಕೊನೆಕೊನೆಯಲ್ಲಿ ತೆನೆಯಂತೆ ನೀಲಿ ಹೂಗಳು ಬಂದವು. ಅತ್ತೆ ಬಸದಿಗೆ ಹೋಗುವಾಗಲೂ ಬರುವಾಗಲೂ ಅದರ ಎದುರು ನಿಂತು ನೋಡುತ್ತಿದ್ದರು. ಬೀದಿಯವರೂ ಬಂದು ನೋಡಿದರು. ಒಬ್ಬರು ಗೆಲ್ಲು ಕೇಳಿದರು. ದೃಷ್ಟಿಯ ಉತ್ತರ ಪಡೆದು ಹೋದರು.

ಹೂ ಬಾಡಿದಾಗ ಕತ್ತರಿಸುವ ಪ್ರಶ್ನೆ ಬಂತು. ಅತ್ತೆಗೆ ಮನಸ್ಸೇ ಇಲ್ಲ. "ಜೀವ ಇರುವ ಗಿಡದ ಕುತ್ತಿಗೆ ಕೊಯ್ಯುದಾ?" ಎಂದು ದಿನ ತಳ್ಳಿದರು. ಗಿಡ ನಡುವೆ ಬಾಯ್ತೆರೆದು ಸುತ್ತ ಜೋತುಬಿತ್ತು. ಕೊನೆಗೆ ಒಂದು ಸಂಜೆ ಪೀಶಕತ್ತಿ ನನ್ನ ಕೈಗೆ ಕೊಟ್ಟು, "ನೀನು ಚಿಕ್ಕವಳು, ನಿನ್ನ ಕೈ ಗಟ್ಟಿ, ನೀನೇ ಕತ್ತರಿಸು" ಎಂದು ತಾವು ಬಾವಿಯ ಕಡೆ ತಿರುಗಿ ನಿಂತರು. ಎಲೆಗಳ ಜೋಡಿ ಇರುವ ಗಂಟಿನ ಸ್ವಲ್ಪ ಮೇಲೆ ಒಂದೊಂದಾಗಿ ದಂಟು ಕತ್ತರಿಸುತ್ತ ಹೋದೆ. ಪುದಿನದ್ದೂ ಅಲ್ಲದ, ತುಳಸಿಯದ್ದೂ ಅಲ್ಲದ ಒಂದು ಕಟು ವಾಸನೆ ಅಂಗಳವಿಡೀ ಹರಡಿತು. ಕತ್ತರಿಸಿದ ದಂಟುಗಳನ್ನು ಅಲ್ಲಿಯೇ ಗುಡ್ಡೆ ಹಾಕಿ ಒಳಗೆ ಹೋದೆವು. ನಮ್ಮದು ಹೊತ್ತು ಕಂತುವ ಮೊದಲೇ ಊಟ ಮುಗಿಸುವ ಜೈನರ ಮನೆ.

ಬೆಳಿಗ್ಗೆ ಬಾಗಿಲು ತೆರೆದರೆ ಆ ಗುಡ್ಡೆಯ ಮೇಲೆ ಬ್ಯಾರಿಗಳ ಮನೆಯ ಗಂಡು ಬೆಕ್ಕು. ಹಳದಿ ಬಣ್ಣದ, ಒಂದು ಕಿವಿ ಹರಿದ, ಬೀದಿಯ ನಾಯಿಗಳೂ ದಾರಿ ಬಿಡುತ್ತಿದ್ದ ದಾಂಡಿಗ ಬೆಕ್ಕು ಅದು. ಈಗ ನಾಲ್ಕು ಕಾಲನ್ನೂ ಆಕಾಶಕ್ಕೆ ಎತ್ತಿ, ಕಣ್ಣು ಅರ್ಧ ಮುಚ್ಚಿ, ಜೊಲ್ಲು ಸುರಿಸುತ್ತ ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಹೊರಳುತ್ತಿತ್ತು. ಅತ್ತೆ "ಅಯ್ಯೋ" ಎಂದದ್ದು ಪಾಗಾರದ ಆಚೆಗೂ ಕೇಳಿತು. ನೆರೆಯಾಕೆ ಇಣುಕಿದರು.

"ಅಕ್ಕಾ, ನಮ್ಮ ಬೆಕ್ಕಿಗೆ ಎಂತ ಹಾಕಿದ್ರಿ ನೀವು?"

"ಎಂತ ಹಾಕುದು? ನಾವು ಇರುವೆಗೆ ಕೂಡ ಹಾಕುವವರಲ್ಲ ಮಾರಾಯ್ತಿ."

"ಮತ್ತೆ ಇದು ಹೊರಳುದು ಯಾಕೆ? ಕೈಮದ್ದು ಬಿದ್ದವರ ಹಾಗೆ ಉಂಟಲ್ಲ!"

ಕೈಮದ್ದು ಎಂದರೆ ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಟ್ಟು ಮನುಷ್ಯರನ್ನು ವಶ ಮಾಡಿಕೊಳ್ಳುವ ಮದ್ದು. ಅತ್ತೆಗೆ ಸಿಟ್ಟು ಬಂತು.

"ನಿನ್ನ ಬೆಕ್ಕನ್ನು ವಶ ಮಾಡಿಕೊಂಡು ನಾನೆಂತ ಮಾಡ್ಲಿ? ಬಟ್ಟೆ ಅಂಗಡಿಯಲ್ಲಿ ಕೂರಿಸ್ಲಾ?"

ನನಗೆ ದೊರೆಸಾನಿಯ ಬೆಕ್ಕಿನ ಮಾತು ನೆನಪಾಯಿತು. ಒಂದು ಎಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಬೆಕ್ಕಿನ ಮೂಗಿನ ಮುಂದೆ ಹಿಡಿದೆ. ಅದು ಎದ್ದು ನನ್ನ ಕೈಗೆ ಮುಖ ತಿಕ್ಕಿ ತಿಕ್ಕಿ ಮತ್ತೆ ದೊಪ್ಪನೆ ಬಿತ್ತು. ನೆರೆಯಾಕೆ ಎಲೆಯನ್ನು ಇಸಿದುಕೊಂಡು ತಾವೂ ಉಜ್ಜಿ ನೋಡಿದರು. ಯಾರ ಮಾತನ್ನೂ ಕೇಳದ ಬೆಕ್ಕು ಅವರ ಬೆರಳಿನ ಹಿಂದೆ ಕರುವಿನ ಹಾಗೆ ಹೋಯಿತು. ಅವರು ನಕ್ಕು ನಕ್ಕು ಪಾಗಾರಕ್ಕೆ ಒರಗಿ ಕುಳಿತರು.

"ಅಕ್ಕಾ, ಜಿಲ್ಲೆಯಲ್ಲೆಲ್ಲ ಪಾನನಿರೋಧ ಉಂಟು, ನಿಮ್ಮ ಅಂಗಳದಲ್ಲಿ ಮಾತ್ರ ಗಡಂಗು!"

ಗಡಂಗು, ಅಂದರೆ ಹೆಂಡದಂಗಡಿ. ಬಸದಿಗೆ ತಪ್ಪದೆ ಹೋಗುವ ಅತ್ತೆಗೆ ಈ ಮಾತು ಎಷ್ಟು ಚುಚ್ಚಿತೋ ಅಷ್ಟೇ ನಗುವೂ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ನಗು ಹೆಚ್ಚು ದಿನ ಉಳಿಯಲಿಲ್ಲ. ಸುದ್ದಿ ಬೆಕ್ಕುಗಳಲ್ಲಿ ಹೇಗೆ ಹರಡುತ್ತದೋ ಗೊತ್ತಿಲ್ಲ. ಮೊದಲು ಬೀದಿಯ ಬೆಕ್ಕುಗಳು ಬಂದವು, ಆಮೇಲೆ ಪೇಟೆಯವು, ಆಮೇಲೆ ನಾವು ಹಿಂದೆಂದೂ ಕಾಣದ ಬೆಕ್ಕುಗಳು. ಬಾವಿಕಟ್ಟೆಯಲ್ಲಿ, ದನದ ಹಟ್ಟಿಯ ಹುಲ್ಲಿನ ಮಾಡಿನ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಸರದಿ ಕಾಯುತ್ತಿದ್ದವು. ಗಿಡಕ್ಕೆ ಕುರುವೆ ಕವುಚಿ ಕಲ್ಲು ಹೇರಿದೆವು. ಅವು ಬುಟ್ಟಿಯ ಮೇಲೆಯೇ ಮಲಗಿದವು. ಸುತ್ತ ಮುಳ್ಳಿಟ್ಟರೆ ದಾಟಿ ಬಂದವು. ಅವು ಉರುಳಾಡಿ ದಂಟು ಮುರಿದಷ್ಟೂ ವಾಸನೆ ಹೆಚ್ಚು, ವಾಸನೆ ಹೆಚ್ಚಿದಷ್ಟೂ ಬೆಕ್ಕು ಹೆಚ್ಚು. ನನ್ನ ಗಂಡ ಗಿಡದ ಪಕ್ಕದ ಹಗ್ಗದಲ್ಲಿ ಒಣಹಾಕಿದ್ದ ಪಂಚೆ ಉಟ್ಟು ಅಂಗಡಿಗೆ ಹೊರಟರೆ ಒಂದು ಮೆರವಣಿಗೆಯೇ ಹಿಂದೆ ಹೋಯಿತು. ಹೊಡೆದು ಓಡಿಸುವುದಕ್ಕೆ ಅತ್ತೆ ಒಪ್ಪುವವರಲ್ಲ. ಗಿಡ ಕೀಳುವುದಕ್ಕಂತೂ ಇಲ್ಲವೇ ಇಲ್ಲ.

"ಹಾಗಾದ್ರೆ ಮಾಡುದೆಂತ ಅಮ್ಮಾ?" ಎಂದು ಗಂಡ ಕೇಳಿದರು. ಅಂದು ಅಂಗಡಿಯಲ್ಲಿ ಗಿರಾಕಿಗಳು ನಕ್ಕಿದ್ದರು.

ಮರುದಿನ ಮಗ ಅಂಗಡಿಗೆ ಹೋದ ಮೇಲೆ ಅತ್ತೆ ನನ್ನನ್ನು ಕರೆದರು. "ಹಂಚುವ" ಎಂದರು.

"ಬೆಕ್ಕುಗಳನ್ನಾ?"

"ಗಿಡವನ್ನು. ಗಿಡ ನಾಲ್ಕು ಮನೆಗೆ ಹೋದ್ರೆ ಬೆಕ್ಕುಗಳು ತಾವಾಗಿ ಭಾಗ ಆಗ್ತವೆ."

ನಾನು ಅವರ ಮುಖವನ್ನೇ ನೋಡಿದೆ. ಗೆಲ್ಲು ಕೊಡದ ಅತ್ತೆ ಕೊಡುವ ಮಾತಾಡುತ್ತಿದ್ದರು, ಮುಖದಲ್ಲಿ ಆಗ ಕಾಣುತ್ತಿದ್ದದ್ದು ದಾನದ ಭಾವ ಆಗಿರಲಿಲ್ಲ. ಅಡಿಗೆ ಮನೆಯ ಮೂಲೆಯಲ್ಲಿ ಕೂಡಿಟ್ಟಿದ್ದ ತೆಂಗಿನ ಗೆರಟೆಗಳನ್ನೆಲ್ಲ ಹೊರಗೆ ತಂದೆವು. ಒಂದೊಂದಕ್ಕೂ ತಳದಲ್ಲಿ ತೂತು, ತೂತಿಗೆ ಸ್ವಲ್ಪ ತೆಂಗಿನ ನಾರು, ಮೇಲೆ ಹೊಯಿಗೆ ಹೆಚ್ಚಾಗಿ ಬೆರೆಸಿದ ಮಣ್ಣು. ಹೂವಿಲ್ಲದ ಎಳೆ ಕುಡಿಗಳನ್ನು ಬೆರಳುದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಗಂಟು ಮಣ್ಣಿನೊಳಗೆ ಇಳಿಯುವ ಹಾಗೆ ಊರಿದೆವು. ಈ ಬಾರಿ ಅತ್ತೆ ತಾವೇ ಪೀಶಕತ್ತಿ ಹಿಡಿದರು. ಒಂದೊಂದು ಗೆರಟೆ ತುಂಬಿದಾಗಲೂ ಅದು ಯಾರಿಗೆಂದು ಹೇಳುತ್ತ ಹೋದರು.

"ಇದು ಬಾವಿಯ ಹಗ್ಗ ಒಯ್ದು ಹಿಂದೆ ಕೊಡದವರಿಗೆ. ಇದು ನಿನ್ನ ಮದುವೆಯಲ್ಲಿ ಹೋಳಿಗೆ ಗಟ್ಟಿ ಅಂದವರಿಗೆ. ಇದು ನಮ್ಮ ದನವನ್ನು ದೊಡ್ಡಿಗೆ ಅಟ್ಟಿದವರಿಗೆ."

ಕೊನೆಗೆ ಎಲ್ಲಕ್ಕಿಂತ ದುಂಡಗಿನ ಗೆರಟೆಯನ್ನು ಆರಿಸಿ, ಎಲ್ಲಕ್ಕಿಂತ ಒಳ್ಳೆಯ ಕುಡಿಯನ್ನು ಊರಿ, ಸೆರಗಿನಲ್ಲಿ ಒರೆಸಿ ಬದಿಗಿಟ್ಟರು.

"ಇದು ಬಂಟ್ವಾಳಕ್ಕೆ."

"ಅಷ್ಟು ದೂರಕ್ಕೆ ನಮ್ಮ ಬೀದಿಯ ಬೆಕ್ಕು ಹೋಗ್ಲಿಕ್ಕಿಲ್ಲ ಅತ್ತೆ."

"ಯಾಕೆ, ಬಂಟ್ವಾಳದಲ್ಲಿ ಬೆಕ್ಕು ಇಲ್ವಾ?"

ಗೆರಟೆಗಳನ್ನು ಹಟ್ಟಿಯ ಅಟ್ಟದಲ್ಲಿ, ಬೆಕ್ಕು ಹೋಗದ ಹಾಗೆ ಬಲೆ ಮುಚ್ಚಿ ಇಟ್ಟೆವು. ದಿನಾ ಕೈಯಿಂದ ನೀರು ಚಿಮುಕಿಸಿದೆವು. ಕುಡಿ ಮೆಲ್ಲಗೆ ಎಳೆದರೆ ಬಾರದೆ ಹಿಡಿದುಕೊಂಡಾಗ ಬೇರು ಬಂತೆಂದು ಗೊತ್ತಾಯಿತು. ಹೊಸ ಎಲೆಯೂ ಕಂಡಿತು. ಆಗ ಅತ್ತೆ ಒಳ್ಳೆಯ ಸೀರೆ ಉಟ್ಟು ಮನೆಮನೆಗೆ ಹೊರಟರು. ನಾನು ಬುಟ್ಟಿ ಹಿಡಿದು ಹಿಂದೆ. "ನಿಮ್ಮದೇ ನೆನಪಾಯ್ತು, ತಂದೆ" ಎಂದು ಅವರು ಪ್ರತಿ ಜಗಲಿಯಲ್ಲೂ ಎಷ್ಟು ಮಧುರವಾಗಿ ಹೇಳಿದರೆಂದರೆ ನಾನು ಕಂಬದ ಮರೆಗೆ ಹೋಗಿ ಕೆಮ್ಮಬೇಕಾಯಿತು. ಕೊಟ್ಟವರ ಮುಖ ನೋಡುವುದಕ್ಕಿಂತ ಪಡೆದವರ ಮುಖ ನೋಡಬೇಕಿತ್ತು. ಹಗ್ಗದ ಮನೆಯವರು ಗೆರಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಬಂಟ್ವಾಳಕ್ಕೆ ಹೋಗಬೇಕಾದವಳು ನಾನು. ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಗಂಡನ ಜೊತೆ, ಗೆರಟೆಯನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಹೋದೆ. ಬಂಟ್ವಾಳದವರ ಮನೆ ನೇತ್ರಾವತಿಗೆ ಇಳಿಯುವ ಓಣಿಯಲ್ಲಿತ್ತು. ಅವರ ಗಂಡನಿಗೆ ಅಕ್ಕಿ ವ್ಯಾಪಾರ, ಮನೆಯ ಮುಂಭಾಗವೆಲ್ಲ ಬೈಹುಲ್ಲು ಸುತ್ತಿ ಕಟ್ಟಿದ ಅಕ್ಕಿ ಮುಡಿ. ಗೆರಟೆ ಕೊಟ್ಟು, "ಅತ್ತೆ ಕಳಿಸಿದ್ದು" ಎಂದೆ.

"ಯಾರು, ಅತ್ತಿಗೆಯಾ?" ಎಂದರು. "ಗಿಡವಾ? ನನಗಾ?"

ಅವರು ಗೆರಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರು ಬಂತು. ನನಗೆ ಏನು ಮಾಡುವುದೆಂದು ತಿಳಿಯದೆ ಗಂಡನ ಕಡೆ ನೋಡಿದೆ, ಅವರು ನದಿಯ ಕಡೆ ನೋಡುತ್ತಿದ್ದರು. ಅಂದು ಕೊಟ್ಟ ಊಟದ ರುಚಿ ಈಗಲೂ ನೆನಪಿದೆ. ಹೊರಡುವಾಗ ಹೂ ಬಾಡಿದ ಮೇಲೆ ಕತ್ತರಿಸಬೇಕೆಂದು ಹೇಳಿದೆ.

"ಕತ್ತರಿಸಿದ್ರೆ?"

"ತುಂಬ ಬರ್ತವೆ."

"ಎಂತ ಬರುದು?"

"ಹೂಗಳು" ಎಂದೆ.

ಮೂಡುಬಿದಿರೆಯಲ್ಲಿ ಅತ್ತೆಯ ಲೆಕ್ಕಾಚಾರ ಫಲ ಕೊಟ್ಟಿತು. ಬೆಕ್ಕುಗಳು ನಿಜವಾಗಿಯೂ ಹಂಚಿಹೋದವು. ಅತ್ತೆ ಜಗಲಿಯಲ್ಲಿ ಕುಳಿತು ದೂರುಗಳಿಗೆ ಕಾದರು. ಬಂದದ್ದು ಉಪಕಾರ ಸ್ಮರಣೆ. ಹಗ್ಗದ ಮನೆಯವರು ಹೊಸ ಹಗ್ಗ ತಂದು ಬಾವಿಗೆ ತಾವೇ ಕಟ್ಟಿದರು. ಹೋಳಿಗೆ ಗಟ್ಟಿ ಎಂದವರು ಹಲಸಿನ ಹಪ್ಪಳ ಕಳಿಸಿದರು. ದನ ಅಟ್ಟಿದವರ ಅಟ್ಟದಲ್ಲಿ ಇಲಿಗಳು ಕಾಣೆಯಾಗಿದ್ದವು, ಅವರು ಅತ್ತೆಯ ಕೈಗುಣವನ್ನು ಬೀದಿಯುದ್ದಕ್ಕೂ ಹೊಗಳಿದರು. "ಛೇ, ಇವರಿಗೆ ಬೆಕ್ಕಿನ ಉಪದ್ರ ಗೊತ್ತಾಗುದೇ ಇಲ್ವಾ?" ಎಂದು ಅತ್ತೆ ಹಪ್ಪಳ ಸುಡುತ್ತ ಗೊಣಗಿದರು.

ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ಬಂಟ್ವಾಳದವರು ತಾವೇ ಬಂದಿಳಿದರು. ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಅತ್ತೆ ಬಾಗಿಲಲ್ಲಿ ನಿಂತವರು ಒಂದು ಗಳಿಗೆ ಅಲುಗಲಿಲ್ಲ, ಆಮೇಲೆ ಕಾಲಿಗೆ ನೀರು ಕೊಟ್ಟರು. ಚಾವಡಿಯಲ್ಲಿ ಕುಳಿತು ಇಬ್ಬರೂ ಹವೆಯ ವಿಷಯ, ಮಳೆಯ ವಿಷಯ ಮಾತಾಡಿದರು. ಆಮೇಲೆ ಬಂಟ್ವಾಳದವರು ಬುಟ್ಟಿ ಮುಂದೆ ಸರಿಸಿದರು.

"ಅತ್ತಿಗೆ, ನೀವು ಅಷ್ಟು ಪ್ರೀತಿಯಿಂದ ಗಿಡ ಕಳಿಸಿದ್ರಿ. ನಾನು ಬರಿಗೈಯಲ್ಲಿ ಬರುದು ಹೇಗೆ?"

ಬಟ್ಟೆ ತೆಗೆದರೆ ಒಳಗೆ ಎರಡು ಬೆಕ್ಕಿನ ಮರಿಗಳು.

ಅತ್ತೆ ಬಟ್ಟೆಯನ್ನು ಮತ್ತೆ ಅರ್ಧ ಮುಚ್ಚಿದರು. ಬೇಡ ಎನ್ನುವ ಹಾಗಿಲ್ಲ, ಎಷ್ಟೋ ವರ್ಷದ ಮೇಲೆ ಮನೆಯ ಮಗಳು ಬಂದಿದ್ದಾಳೆ. "ಚಂದ ಉಂಟು" ಎಂದರು, ದನಿ ಬಾವಿಯೊಳಗಿಂದ ಬಂದ ಹಾಗೆ. ಬಂಟ್ವಾಳದವರು ಮಧ್ಯಾಹ್ನ ಉಂಡು, ಹಳದಿ ದಾಸವಾಳವನ್ನು ದೂರದಿಂದಲೇ ನೋಡಿ, ಸಂಜೆ ಬಸ್ಸಿಗೆ ಹೋದರು. ಮರಿಗಳು ಉಳಿದವು. ಬೆಳಿಗ್ಗೆ ನಮ್ಮ ಮನೆಯಲ್ಲಿ ಹಾಲು ಕುಡಿದು, ಮಧ್ಯಾಹ್ನ ಪಾಗಾರ ಹಾರಿ ನೆರೆಯಾಕೆಯ ಮನೆಯಲ್ಲಿ ಮೀನು ತಿಂದು, ಮೀಸೆ ನೆಕ್ಕುತ್ತ ಹಿಂದೆ ಬಂದು ಅತ್ತೆಯ ಜಪದ ಮಣೆಯ ಮೇಲೆ ಮಲಗುತ್ತಿದ್ದವು. ಅತ್ತೆ ಮೂಗು ಮುಚ್ಚಿಕೊಂಡು ಮಣೆಯನ್ನು ಅವಕ್ಕೇ ಬಿಟ್ಟುಕೊಟ್ಟರು.

ಆಷಾಢದ ಮಳೆಗೆ ನಮ್ಮ ಗಿಡದ ಬುಡ ಕಪ್ಪಾಯಿತು. ಬೀದಿಯ ಗಿಡಗಳೆಲ್ಲ ಒಂದೊಂದಾಗಿ ಕೊಳೆತವು. ಘಟ್ಟದ ತಂಪಿನ ಗಿಡ ನಮ್ಮ ಮಳೆಗೆ ತಾಳಲಿಲ್ಲ. ನವರಾತ್ರಿ ಹೊತ್ತಿಗೆ ಆ ಜಾಗದಲ್ಲಿ ಬರೀ ಗರಿಕೆ. ಅತ್ತೆ ಬಸದಿಯಿಂದ ಬರುವಾಗ ಅಲ್ಲಿ ಅಭ್ಯಾಸದಿಂದ ನಿಲ್ಲುವುದನ್ನು ನೋಡುತ್ತಿದ್ದೆ. ಬಂಟ್ವಾಳದಲ್ಲಿ ಮಾತ್ರ ಗಿಡ ಬದುಕಿದೆಯೆಂದು ಸುದ್ದಿ ಬಂತು. ಅವರು ಗೆರಟೆಯಿಂದ ಮಡಕೆಗೆ ಬದಲಿಸಿ ಮಾಡಿನ ಕೆಳಗೆ, ಮಳೆನೀರು ತಾಗದಂತೆ ಇಟ್ಟಿದ್ದರು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅತ್ತೆ "ನಾಡಿದ್ದು ಬಂಟ್ವಾಳಕ್ಕೆ ಹೋಗುವ" ಎಂದರು, ನಾನೇ ಕೇಳಿಕೊಂಡಿದ್ದೆನೋ ಎಂಬಂತೆ.

ಅಲ್ಲಿ ಜಗಲಿಯ ಮೇಲೆ ಮಡಕೆ ಇತ್ತು. ಗಿಡ ಅಚ್ಚುಕಟ್ಟಾಗಿ ಕತ್ತರಿಸಿ, ಕುಡಿ ಚಿವುಟಿ ದುಂಡಗೆ ಬೆಳೆಸಿದ್ದು, ನಮ್ಮದಕ್ಕಿಂತ ಚೆನ್ನಾಗಿತ್ತು. ಅಕ್ಕಿ ಮುಡಿಗಳ ಮೇಲೆ ಮೈ ತುಂಬಿಕೊಂಡ ಬೆಕ್ಕುಗಳು ಮಲಗಿದ್ದವು. ಅತ್ತೆ ಕಾಫಿ ಕುಡಿದರು, ಅವಲಕ್ಕಿ ತಿಂದರು, ಗಿಡದ ಕಡೆ ನೋಡದೆ ಎಲ್ಲ ಕಡೆ ನೋಡಿದರು. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಒಂದು ಗೆಲ್ಲು ಸಿಕ್ಕೀತಾ ನೋಡ್ಲಿಕ್ಕೆ ಬಂದೆ."

ಬಂಟ್ವಾಳದವರು ಲೋಟ ಕೆಳಗಿಟ್ಟರು.

"ಅತ್ತಿಗೆ, ಒಂದು ಕೇಳ್ಲಾ? ಬೆಕ್ಕು ಓಡಿಸ್ಲಿಕ್ಕೆ ನೀವು ಈ ಗಿಡ ಹಂಚಿದ್ದು ಅಂತ ನನಗೆ ಗೊತ್ತಾಗ್ಲಿಲ್ಲ ಅಂತ ಎಣಿಸಿದ್ರಾ?"

ನಾನು ಬೆಕ್ಕುಗಳನ್ನು ನೋಡತೊಡಗಿದೆ.

"ಯಾರು ಹೇಳಿದ್ದು?" ಎಂದರು ಅತ್ತೆ.

"ಹೇಳುದೆಂತ? ಮೊದಲ ಸಲ ಕತ್ತರಿಸಿದ ದಿನವೇ ಓಣಿಯ ಬೆಕ್ಕುಗಳೆಲ್ಲ ಅಂಗಳದಲ್ಲಿ. ಅಳು ಬಂದದ್ದಕ್ಕೆ ನನಗೇ ನಾಚಿಕೆ ಆಯ್ತು. ನೀವು ನನಗೆ ಪ್ರೀತಿಯಿಂದ ಗಿಡ ಕೊಡುವವರಾ ಅಂತ ಆಗ ಆಲೋಚನೆ ಮಾಡಿದೆ. ಹಾಗಾಗಿ ಆ ಎರಡು ಮರಿ ತಂದದ್ದು. ಇದ್ದದ್ರಲ್ಲಿ ಹೆಚ್ಚು ಬೊಬ್ಬೆ ಹಾಕುದನ್ನೇ ಆರಿಸಿ ತಂದೆ."

ಅತ್ತೆಯ ಹೆಗಲು ಅಲುಗಾಡಿದ್ದು ಕಂಡು ಅಳುತ್ತಿದ್ದಾರೆಂದು ನಾನು ಎದ್ದೆ. ಅವರು ನಗುತ್ತಿದ್ದರು. ಬಂಟ್ವಾಳದವರಿಗೂ ತಡೆಯಲಿಲ್ಲ. ಇಬ್ಬರೂ ವಯಸ್ಸಾದ ಹೆಂಗಸರು ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ನಕ್ಕ ಗದ್ದಲಕ್ಕೆ ಮುಡಿಯ ಮೇಲಿನ ಬೆಕ್ಕುಗಳು ಎದ್ದು ಹೊರಗೆ ಹೋದವು.

"ಬೊಬ್ಬೆ ಅಂದ್ರೆ ಎಂತ ಬೊಬ್ಬೆ ಮಾರಾಯ್ತಿ!" ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತ. "ನಾನು ಕಣ್ಣು ಮುಚ್ಚಿ ಜಪಕ್ಕೆ ಕೂತ ಕೂಡಲೇ ಶುರು!"

ಸಂಜೆಯ ಬಸ್ಸಿಗೆ ಹಿಂದಿರುಗುವುದೆಂದು ಹೋದವರು ನಾವು. ಅತ್ತೆ ಆ ದಿನ ಹೊರಡಲಿಲ್ಲ, ಮರುದಿನವೂ ಹೊರಡಲಿಲ್ಲ. ಮಾವ ಚಿಕ್ಕಂದಿನಲ್ಲಿ ಮಾಡಿದ ತಂಟೆಗಳನ್ನು ತಂಗಿಯ ಬಾಯಿಂದ, ಮದುವೆಯಾದ ಮೇಲೆ ಮಾಡಿದ್ದನ್ನು ಹೆಂಡತಿಯ ಬಾಯಿಂದ ನಾನು ಕೇಳಿದೆ. ಹಗಲೆಲ್ಲ ಇಬ್ಬರೂ ಗೆರಟೆಗೆ ಕುಡಿ ಊರುತ್ತ, ಇನ್ನು ಯಾರ ಯಾರ ಮನೆಗೆ ಕಳಿಸಬಹುದೆಂದು ಚರ್ಚಿಸುತ್ತಿದ್ದರು. ಇಬ್ಬರಿಗೂ ಸಿಟ್ಟಿದ್ದ ಸಂಬಂಧಿಕರು ಕೊಕ್ಕಡದ ತನಕ ಹರಡಿದ್ದರು. ವಾರ ಕಳೆಯುವ ಹೊತ್ತಿಗೆ ನನ್ನ ಗಂಡ ಅಂಗಡಿಗೆ ಬಾಗಿಲು ಹಾಕಿ ಹುಡುಕಿಕೊಂಡು ಬಂದರು. ಅಂಗಿಯ ತುಂಬ ಬೆಕ್ಕಿನ ರೋಮ.

"ಎಂತ ಅಮ್ಮಾ ಇದು? ಒಂದು ದಿನ ಅಂತ ಹೇಳಿ ಬಂದವರು! ಆ ಎರಡು ಮರಿಗಳ ಜೊತೆ ನನ್ನನ್ನು ಒಬ್ಬನೇ ಬಿಟ್ಟು..."

"ನಿನ್ನನ್ನು ಯಾರು ಬರ್ಲಿಕ್ಕೆ ಹೇಳಿದ್ದು?" ಎಂದರು ಅತ್ತೆ. "ಬಂದದ್ದು ಆಯ್ತಲ್ಲ, ಕೂತುಕೋ. ಆ ಗೆರಟೆಗಳಿಗೆ ತೂತು ಮಾಡ್ಲಿಕ್ಕೆ ಉಂಟು."

ಗಂಡ ನನ್ನ ಮುಖ ನೋಡಿದರು. ನಾನು ಉಳಿ ಮತ್ತು ಗೆರಟೆಗಳನ್ನು ಅವರ ಮುಂದೆ ಇಟ್ಟೆ.